ಅಪ್ಪನ ಗೋಷ್ವಾರೆ

ಕೆಲವ್ರ ಕೈಯಾಗ ಹಾಲ ಕೊಟ್ರ ಉಕ್ಕತಾವ, ಕೆಲವ್ರ ಕೈಯಾಗ ಗಿಡಾ ಕೊಟ್ರ ಒಣಗತಾವ. ನನ್ನ ಕೈಯಾಗ ಏನರೆ ಕೊಟ್ಟು, "ಅಕ್ಕೋರ, ಇದನ್ನ ಸ್ವಲ್ಪ ಸಣ್ಣದ ಮಾಡಿ ಕೊಡ್ರಿ" ಅಂದ್ರ ಸಾಕು, ಅದು ತಪ್ಪದಂಗ ದೊಡ್ಡದಾಗತೈತಿ. ಒಮ್ಮೆ ಆದ್ರ ನಸೀಬು ಅನಬಹುದು. ನನಗ ಇದು ಹಬ್ಬಕ್ಕೊಮ್ಮೆ ಹುಣ್ಣಿವಿಗೊಮ್ಮೆ ಆಗಾಕ ಹತ್ತಿ ಎಷ್ಟೋ ವರ್ಷ ಆತು.

ನಾ ರಾಯಬಾಗ ಕಡೆ ಒಂದು ಹೈಸ್ಕೂಲಿನ್ಯಾಗ ಕನ್ನಡಾ ಕಲಸ್ತೇನಿ. ನಮ್ಮ ಕಡೆ ಸಾಲಿ ಕಲಸೂ ಹೆಣ್ಮಕ್ಕಳಿಗೆ ಅಕ್ಕೋರು ಅಂತಾರ. ಉದ್ದಂದು ಓದಿಸಿ ಗಿಡ್ಡಂದು ಬರಸೂದ ನನ್ನ ಉದ್ಯೋಗ. ಹಿಂಗಾಗಿ ಲಗ್ನಪತ್ರಿಕಿ ಇರಲಿ, ಸೊಸಾಯಿಟಿ ವರದಿ ಇರಲಿ, ಸತ್ತವ್ರ ಶ್ರದ್ಧಾಂಜಲಿ ಇರಲಿ, ಮಂದಿ ಮೊದ್ಲ ನನ್ನ ಬಾಗಲಾ ಬಡೀತಾರ. ನನಗ ಊರಾಗ ಇಟ್ಟ ಹೆಸರು ಗೋಷ್ವಾರೆ ಅಕ್ಕೋರು. ಗೋಷ್ವಾರೆ ಅಂದ್ರ ಉದ್ದನ ಬರವಣಗಿ ಮುಗದಮ್ಯಾಲೆ ಕೆಳಗ ಹಾಕೂ ನಾಕ ಸಾಲಿನ ಸಾರ. ಬಾಜೂಕಿನ ಮಂದಿ ಮರಾಠ್ಯಾಗ ಗೋಷವಾರಾ ಅಂತಾರ.

ಖರೇ ಹೇಳ್ತೇನಿ, ನಾ ಸಣ್ಣದ ಮಾಡಬೇಕಾಗಿದ್ದು ಕಾಗದಾ ಅಲ್ಲ, ನಮ್ಮ ಅಪ್ಪನ್ನ. ನನ್ನ ತಮ್ಮನ ಲಗ್ನ ಅಪ್ಪನ ಮಾತಿನ್ಯಾಗ ಸಿಕ್ಕೊಂಡು ನಿಂತಿತ್ತು. ಅದನ್ನ ಬಿಡಸೂದು ನನ್ನ ಪಾಲಿಗೆ ಬಂತು. ಅದು ಹೆಂಗ ಬಿಡುಗಡಿ ಆತು ಅನ್ನೂದನ್ನ ಕಡೀಗೆ ಹೇಳ್ತೇನಿ. ಅದಕ್ಕೂ ಮೊದ್ಲ ಅಪ್ಪ ಯಾರು, ನನ್ನ ಕೈಗುಣ ಎಂಥಾದ್ದು, ಎರಡೂ ನಿಮಗ ಗೊತ್ತಾಗಬೇಕು.

೧. ಕಾಗವಾಡ ಬರೂತನಕ ಒಂದು ಶಬ್ದ

ನಮ್ಮ ಅಪ್ಪ ತಲಾಠಿ ಆಗಿದ್ದಾಂವ. ಹಳ್ಳಿ ಹಳ್ಳಿ ಹೊಲದ ಲೆಕ್ಕಾ ಬರದು, ಪ್ರತಿ ಹಾಳಿ ಕೆಳಗ ಗೋಷ್ವಾರೆ ಹಾಕಿ ಹಾಕಿ ಕೈ ಸವಿಸಿಕೊಂಡಾಂವ. ರಿಟೈರ್ ಆದ ದಿನಾನ ಮನಿಗೆ ಬಂದು ಕುರ್ಚಿ ಮ್ಯಾಲೆ ಕುಂತು ಹೇಳಿದ್ದಾ, "ಇಷ್ಟ ವರ್ಷ ಸರ್ಕಾರಕ್ಕ ಗೋಷ್ವಾರೆ ಬರದೆ. ಇನ್ನ ಮ್ಯಾಲೆ ಎಲ್ಲಾ ಪೂರ್ತಿ ಮಾತಾಡಾಂವ." ಕೊಟ್ಟ ಮಾತಿಗೆ ಇವತ್ತಿನತನಕ ತಪ್ಪಿಲ್ಲ.

ಒಮ್ಮೆ ಅಪ್ಪ ನನ್ನ ಮನಿಗೆ ಬಂದಿದ್ದಾ. ತಿರಗಿ ಕಾಗವಾಡಕ್ಕ ಬಿಟ್ಟ ಬರೂಣಂತ ನಾನೂ ಬಸ್ ಹತ್ತಿದೆ. ರಾಯಬಾಗ ಸ್ಟ್ಯಾಂಡ್ ಬಿಡೂ ಹೊತ್ತಿಗೆ ಸುಮ್ನ ಕುಂತಾಕಿ ಸುಮ್ನ ಇರಬೇಕಿಲ್ಲೋ, ಕೇಳಿಬಿಟ್ಟೆ. "ಅಪ್ಪಾ, ಮಂದಿ ನನಗ ಗೋಷ್ವಾರೆ ಅಕ್ಕೋರು ಅಂತಾರ. ಈ ಶಬ್ದ ಹುಟ್ಟಿದ್ದು ಎಲ್ಲಿಂದ?"

ಅಪ್ಪ ಟೊಪಗಿ ತಗದು ತೊಡಿ ಮ್ಯಾಲೆ ಇಟ್ಟಾ. ಅಂವ ಟೊಪಗಿ ತಗದಾ ಅಂದ್ರ ಕಥಿ ಉದ್ದ ಐತಿ ಅಂತ ಅರ್ಥ. ಚಿಂಚಲಿ ಬರೂದ್ರಾಗ ಅಂವ ತನ್ನ ಮೊದಲ್ನೇ ನೌಕರಿ ಊರು, ಆ ಚಾವಡಿ, ಚಾವಡಿ ಮುಂದಿನ ಬೇವಿನ ಗಿಡಾ ಮುಗಿಸಿದ್ದಾ. ಕುಡಚಿಗೆ ಬಂದಾಗ ಬಿಜಾಪುರದ ಬಾದಶಾಹಿ ದರಬಾರದಾಗ ಫಾರ್ಸಿ ಒಳಗ ಲೆಕ್ಕಾ ಬರಿಯೂ ಮುನ್ಶಿಗೋಳು ಸಾಲಾಗಿ ಕುಂತಿದ್ರು. ಕೃಷ್ಣಾ ಹೊಳಿ ಪೂಲಿನ ಮ್ಯಾಲೆ ಬಸ್ ನಿಧಾನ ಆತು, ಅಪ್ಪಾನೂ ನಿಧಾನ ಆದಾ. ಉಗಾರಕ್ಕ ಕಬ್ಬಿನ ಹಾಲು ಕುದಿಯೂ ವಾಸನಿ ಬಂತು. ಅಪ್ಪ ನಮ್ಮ ಅವ್ವನ ಬುಗುಡಿ ಯಾವ ಪತ್ತಾರ ಮಾಡಿದ್ದು ಅನ್ನೂದರ ನಡುವ ಇದ್ದಾ.

ಕಾಗವಾಡ ಸ್ಟ್ಯಾಂಡಿನ್ಯಾಗ ಬಸ್ ನಿಂತಮ್ಯಾಲೆ ಹೇಳಿದಾ. "ಗೋಶ್ ಅಂದ್ರ ಫಾರ್ಸಿ ಒಳಗ ಕಿವಿ. ಗೋಶ್ವಾರಾ ಅಂದ್ರ ಕಿವ್ಯಾಗಿನ ಆಭರಣ. ಉದ್ದನ ಲೆಕ್ಕದ ಕಡೀಗೆ ಸಣ್ಣದೊಂದ ಮೊತ್ತಾ ತೂಗತೈತಲ್ಲ, ಝುಮಕಿಯಂಗ, ಅದಕ್ಕ ಆ ಹೆಸರು." ನಾ ಮನಿಗೆ ಹೋಗಿ ನಿಘಂಟು ತಗದು ನೋಡಿದೆ, ಕಿವಿ ಆಭರಣ ಅನ್ನೂದು ಖರೇನ ಇತ್ತು. ಝುಮಕಿ ಮಾತ್ರ ಅಪ್ಪ ತೊಡಿಸಿದ್ದಿರಬೇಕು.

ಕಂಡಕ್ಟರ್ ಬಂದು, "ಅಜ್ಜಾರ, ಇಳೀರಿ, ಗಾಡಿ ಮಿರಜಿಗೆ ಹೋಗಬೇಕು," ಅಂದಾ. ನಾವು ಇಳದ್ವಿ. ನಮ್ಮ ಹಿಂದಿನ ಸೀಟಿನ್ಯಾಗ ಒಬ್ಬಾಂವ ಕುಂತಿದ್ದಾ, ಅಂವನೂ ಇಳದಾ. ಕಂಡಕ್ಟರ್ ಅಂವನ ತಿಕೀಟ ನೋಡಿ, "ನಿಂದು ಉಗಾರ ಅಲ್ಲೇನೋ? ಅಲ್ಲಿ ಯಾಕ ಇಳೀಲಿಲ್ಲ?" ಅಂತ ಕೇಳಿದ್ರ ಅಂವ ಅಂತಾನ, "ಅರ್ಥಾ ತಿಳಕೊಳ್ಳದ ಹೆಂಗ ಇಳೀಲ್ರಿ?"

೨. ಹೊಳ್ಳಿ ಹೋದ ಬೀಗರು

ನನ್ನ ತಮ್ಮ ಕಾಗವಾಡದಾಗ ದ್ರಾಕ್ಷಿ ತೋಟಾ ಮಾಡ್ತಾನ. ದುಡಿಯಾಂವ, ಗುಣವಂತ, ವ್ಯಸನ ಇಲ್ಲ. ಮಾತ ಭಾಳ ಕಡಿಮಿ. ಮನ್ಯಾಗಿನ ಮಾತೆಲ್ಲಾ ಅಪ್ಪ ಒಬ್ಬಾಂವನ ಆಡಿ ಮುಗಸ್ತಿದ್ದಾ, ಅಂವಗ ಉಳೀತಿದ್ದಿಲ್ಲ. ಅಂವಗ ಕನ್ಯಾ ಹುಡಕಾಕ ಹತ್ತಿ ಬ್ಯಾಸರ ಬರೂವಷ್ಟ ದಿನ ಆಗಿತ್ತು.

ಈಗ ಮೊದ್ಲ ಹುಡಗೀ ಕಡ್ಯಾವ್ರು ಹುಡಗನ ಮನಿ ನೋಡಾಕ ಬರ್ತಾರ. ಬಂದವ್ರಿಗೆ ಚಹಾ ಕೊಡಬೇಕು, ಫಳಾರ ಕೊಡಬೇಕು, ತೋಟಾ ತೋರಸಬೇಕು. ಅಪ್ಪ ಮಾತ್ರ ಬಾವಿಯಿಂದ ಸುರು ಮಾಡ್ತಿದ್ದಾ. ನಮ್ಮ ಮುತ್ಯಾ ಕಡಸಿದ ಬಾವಿ ಅದು. ಯಾರ ಎಲ್ಲಿ ಗುದ್ಲಿ ಹಾಕಿದ್ರು, ಯಾವ ಮೂಲ್ಯಾಗ ಕಲ್ಲ ಹತ್ತಿತು, ಕಲ್ಲ ಒಡಿಯಾವ್ರು ಏನ ಉಂಡ್ರು, ಎಲ್ಲಾ ಆಗಬೇಕು. ನೀರ ಬೀಳೂದು ಕಡೀಗೆ.

ಅಂಕಲಿ ಕಡೆಯಿಂದ ಬಂದಿದ್ದ ಬೀಗರು ಹೊಳಿ ದಂಡ್ಯಾವ್ರು. ಮಳಿಗಾಲದಾಗ ಮನಿ ಬಾಗ್ಲಿಗೆ ನೀರ ಬರೂ ಮಂದಿಗೆ ಬಾವಿ ಕಥಿ ಏನ ಸೇರಬೇಕು, ಹಿರ್ಯಾರು ಕುರ್ಚಿ ಮ್ಯಾಲೆನ ನಿದ್ದಿ ಹೋದ್ರು. ಚಿಕ್ಕೋಡಿಯಿಂದ ಬಂದಾವ್ರು ಫೋನ್ ಬಂತು ಅಂತ ಹೊರಗ ಎದ್ದ ಹೋದಾವ್ರು ಗಾಡಿ ಸುರು ಮಾಡಿ ಕೈ ಬೀಸಿ ಹೋದ್ರು. ಮತ್ತೊಬ್ಬ ಬೀಗರು ಸ್ವತಾ ಮಾತಿನ ಮಲ್ಲ. ಅಪ್ಪ ಬಾವಿ ಸುರು ಮಾಡಿದಾ, ಅವ್ರು ತಮ್ಮ ಬೋರ್‌ವೆಲ್ ಸುರು ಮಾಡಿದ್ರು. ಯಾರ ಮೊದ್ಲ ಮುಗಿಸಬೇಕು ಅನ್ನೂದ್ರಾಗ ಮನಸ್ತಾಪ ಆಗಿ ಎದ್ದ ಹೋದ್ರು.

ಆವತ್ತ ಸಂಜಿಗೆ ತಮ್ಮ ನನಗ ಫೋನ್ ಮಾಡಿದಾ. ಅಂವ ಫೋನ್ ಮಾಡೂದ ಅಪರೂಪ. "ಅಕ್ಕಾ, ನೀ ಊರ ಮಂದಿದೆಲ್ಲಾ ಗೋಷ್ವಾರೆ ಮಾಡ್ತಿ. ಅಪ್ಪಂದೊಂದ ಮಾಡ್," ಅಂದಾ. ನಾ ಆತೋ ತಮ್ಮಾ ಅಂದೆ. ನನ್ನ ಕೈಗುಣ ಅಂವಗ ಗೊತ್ತಿದ್ದಿಲ್ಲ, ಪಾಪ.

೩. ಇಡ್ತೇನ್ರಿ

ಕೈಗುಣ ಹೇಳೂದಂದ್ರ ಸಾಲಿಯಿಂದನ ಸುರು ಮಾಡಬೇಕು. ಹತ್ತನೇ ಇಯತ್ತೆ ಮಕ್ಕಳಿಗೆ ಸಾರಾಂಶ ಬರಿಯೂದು ಏನ ಮಾಡಿದ್ರೂ ತಲಿಗೆ ಹೋಗವಲ್ದು. ಕಥಿ ಒಂದ ಹಾಳಿ ಇದ್ರ ಸಾರಾಂಶ ಎರಡ ಹಾಳಿ ಬರೀತಿದ್ರು. ತಾವ ಎರಡ ಪಾತ್ರ ಸೇರಸ್ತಿದ್ರು. ನನಗ ಸಿಟ್ಟ ನೆತ್ತಿಗೇರಿತು.

"ಲೇ, ನಿಮ್ಮ ಅವ್ವ ಹೊಲದಾಗಿಂದ ಫೋನ್ ಮಾಡ್ಯಾಳ, ಫೋನಿನ್ಯಾಗ ಚಾರ್ಜ್ ಇಲ್ಲ ಅಂತ ತಿಳಕೋರಿ. ಆಕಿ ರಾಮಾಯಣ ಹೇಳ್ತಾಳೇನ? ಮುಖ್ಯ ಆದದ್ದ ಅಷ್ಟ ಹೇಳ್ತಾಳ. ಸಾರಾಂಶ ಅಂದ್ರ ಅದ," ಅಂದೆ. ಮಕ್ಕಳ ಮಾರಿ ಮ್ಯಾಲೆ ಬೆಳಕ ಬಂತು. ನನಗೂ ಖುಷಿ ಆತು. ಇಷ್ಟ ವರ್ಷ ಈ ಉಪಾಯ ಯಾಕ ಹೊಳೀಲಿಲ್ಲ ಅಂತ ನನ್ನನ್ನ ನಾನ ಬೈಕೊಂಡೆ.

ಪರೀಕ್ಷೆ ಬಂತು. ಒಬ್ಬ ರಾಜ, ಸೊಕ್ಕಿನ ಮಂತ್ರಿ, ರಾಜ ಅಂವಗ ಬುದ್ಧಿ ಕಲಿಸಿದ್ದು, ಇಷ್ಟುದ್ದ ಗದ್ಯ ಕೊಟ್ಟು ಸಾರಾಂಶ ಬರೀರಿ ಅಂದಿದ್ದೆ. ಪೇಪರ್ ತಿದ್ದಾಕ ಕುಂತೆ. ಮೊದಲ್ನೇ ಪೇಪರ್ ಹಿಂಗಿತ್ತು: "ಒಬ್ಬ ರಾಜ ಇದ್ದ. ಮಂತ್ರಿ ಕೂಡ ಮನಸ್ತಾಪ ಆಯಿತು. ಉಳಿದದ್ದು ಭೆಟ್ಟಿಯಾದಾಗ ಹೇಳುತ್ತೇನೆ. ಇಡ್ತೇನ್ರಿ." ಎರಡನೇದೂ ಹಂಗ. ಇಡೀ ವರ್ಗದಾಗ ಒಬ್ರೂ ಆ ಮಂತ್ರಿಗೆ ಮುಂದ ಏನಾತು ಅಂತ ಬರದಿದ್ದಿಲ್ಲ. ಒಬ್ಬಾಕಿ ಜಾಣಿ ಮಾತ್ರ, "ಮಂತ್ರಿ ಬಾಜೂಕ ನಿಂತಾನ, ಅದಕ್ಕ ಈಗ ಹೇಳಾಕ ಆಗೂದಿಲ್ಲ," ಅಂತ ಕಾರಣಾ ಕೊಟ್ಟಿದ್ಲು.

ತಪ್ಪ ಅಂತ ಹೆಂಗ ಅನ್ನೂದು? ನಾ ಹೇಳಿಕೊಟ್ಟಂಗ ಬರದಿದ್ರು. ಸರಿ ಅನ್ನಾಕೂ ಮನಸ ಒಪ್ಪಲಿಲ್ಲ, ಹೆಡ್ ಮಾಸ್ತರ ಮುಂದ ಪೇಪರ್ ಇಟ್ಟು, "ಸರ, ಇವಕ್ಕ ಮಾರ್ಕ್ಸ್ ಎಷ್ಟ ಕೊಡ್ಲಿ?" ಅಂತ ಕೇಳಿದೆ. ಅವ್ರು ಚಷ್ಮಾ ಹಾಕ್ಕೊಂಡು ಒಂದೊಂದ ಓದಿದ್ರು. ಆಮ್ಯಾಲೆ ಪೇಪರ್ ನನ್ನ ಕಡೆ ಸರಿಸಿ, "ಕೊಡ್ರಿ ಅಕ್ಕೋರ, ಮಾರ್ಕ್ಸೂ ಭೆಟ್ಟಿಯಾದಾಗ ಕೊಡ್ರಿ," ಅಂದ್ರು.

೪. ಗೆಳೆಯರ ಬಳಗ

ನಮ್ಮ ಮನಿಯವ್ರ ಮಾವಸಿ ಮಗಾ ಒಬ್ಬಾಂವ ನಿಪ್ಪಾಣಿಯಾಗ ಅದಾನ. ಯುವ ಧುರೀಣ. ಯಾವದಕ್ಕ ಧುರೀಣ ಅಂತ ಯಾರಿಗೂ ಗೊತ್ತಿಲ್ಲ, ಹುಟ್ಟಿದಹಬ್ಬಕ್ಕ ಮಾತ್ರ ಚೌಕದಾಗ ಫ್ಲೆಕ್ಸ್ ಏಳತೈತಿ. ಒಂದ ವರ್ಷ ಫ್ಲೆಕ್ಸ್ ಅಂಗಡ್ಯಾಂವ, "ಇಷ್ಟ ಮಂದಿ ಒಂದ ಫ್ಲೆಕ್ಸಿನ್ಯಾಗ ಕೂಡ್ರೂದಿಲ್ಲ," ಅಂದನಂತ. ಇಂವ ಕರಡು ಹಿಡಕೊಂಡು ಸೀದಾ ನನ್ನ ಕಡೆ ಬಂದಾ. "ವೈನಿ, ಇದರ ಗೋಷ್ವಾರೆ ಮಾಡಿಕೊಡ್ರಿ."

ನೋಡಿದೆ. ನಡುವ ಇಂವ ಕರೀ ಚಷ್ಮಾ ಹಾಕ್ಕೊಂಡು ಕಿವಿಗೆ ಫೋನ್ ಹಿಡದಾನ. ಸುತ್ತಲೂ ಶುಭಾಶಯ ಕೋರಾವ್ರ ಮಾರಿ, ದ್ರಾಕ್ಷಿ ಗೊನಿಯಂಗ ಒತ್ತಿ ಒತ್ತಿ ತುಂಬ್ಯಾರ. ಅದ್ರಾಗ ಸತ್ತ ಹೋದ ಅಂವನ ಅಜ್ಜನೂ ಅದಾನ.

"ಇವ್ರು ಹೆಂಗೋ ಶುಭಾಶಯ ಕೋರ್ತಾರ?"

"ಅಲ್ರಿ ವೈನಿ, ಅವ್ರನ್ನ ಬಿಟ್ರ ನಮ್ಮ ಕಾಕಾಗೋಳು ಸಿಟ್ಟಾಗ್ತಾರ."

ನಾ ಕೆಂಪ ಪೆನ್ ತಗೊಂಡೆ. ಅಜ್ಜನ್ನ ತಗದೆ, ಕಾಕಾಗೋಳನ್ನ ತಗದೆ, ಎಲ್ಲಾರನ್ನೂ ತಗದೆ. ಇಂವ ಒಬ್ಬಾಂವನ್ನ ಉಳಿಸಿ, ಕೆಳಗ ದೊಡ್ಡ ಅಕ್ಷರದಾಗ "ಶುಭ ಕೋರುವವರು: ಗೆಳೆಯರ ಬಳಗ" ಅಂತ ಒಂದ ಸಾಲ ಬರದೆ. ಏನ ಚಂದ ಕಾಣಸ್ತಿತ್ತು ಅಂತೀರಿ. ನನಗ ನಾನ ಶಾಬ್ಬಾಸ್ ಅಂದ್ಕೊಂಡೆ.

ಫ್ಲೆಕ್ಸ್ ಎದ್ದಿತು. ಗೆಳೆಯರ ಬಳಗ ಬಂದು ನೋಡಿತು. ಒಬ್ಬೊಬ್ರೂ ತಮ್ಮ ಮಾರಿ ಹುಡುಕ್ಯಾಡಿದ್ರು. ಸಿಗಲಿಲ್ಲ. ಮರುದಿನ ಮುಂಜಾನೆ ನೋಡಿದ್ರ ಒಬ್ಬೊಬ್ಬಾಂವಂದೂ ಒಂದೊಂದ ಸ್ವಂತ ಫ್ಲೆಕ್ಸ್, ತನ್ನ ಮಾರಿ ದೊಡ್ಡದು, ಧುರೀಣನ ಮಾರಿ ಮೂಲ್ಯಾಗ ಸಣ್ಣದು. ಚೌಕ ತುಂಬಿ ಬಸ್ ತಿರುಗೂ ಮೂಲಿನೂ ತುಂಬಿತು. ಕಾಕಾಗೋಳು ಸತ್ತ ಅಜ್ಜಗ ಒಂದ ಬ್ಯಾರೇ ಫ್ಲೆಕ್ಸ್ ಮಾಡಿಸಿ ಹಾರಾ ಹಾಕಿದ್ರು. ಪಾಪ, ಹುಟ್ಟಿದಹಬ್ಬಕ್ಕ ಬಂದ ಮಂದಿ ಶುಭಾಶಯ ಹೇಳೂದ ಬಿಟ್ಟು, "ಅಜ್ಜಾ ಯಾವಾಗ ಹೋದ್ರೋ?" ಅಂತ ಕೇಳಾಕ ಹತ್ತಿದ್ರು.

ಅಂವ ನನ್ನ ಕೂಡ ಮಾತ ಬಿಟ್ಟಾ. ಅದ ವಾರದಾಗ ಫ್ಲೆಕ್ಸ್ ಅಂಗಡ್ಯಾಂವ ಮಾತ್ರ ಪೇಢೆ ಡಬ್ಬಿ ಹಿಡಕೊಂಡು ಮನಿಗೆ ಬಂದಿದ್ದಾ. "ಅಕ್ಕೋರ, ಮುಂದಿನ ವರ್ಷನೂ ನೀವ ತಿದ್ದಿ ಕೊಡ್ರಿ," ಅಂದಾ.

೫. ಕನ್ನಡದಾಗ ನಗೂದು

ನಮ್ಮ ಸಾಲಿ ಗ್ಯಾದರಿಂಗಿಗೆ ಆ ಕಡೆ ಮಹಾರಾಷ್ಟ್ರದಿಂದ ಒಬ್ರು ಹಿರ್ಯಾರನ್ನ ಪಾವಣ್ಯಾರಾಗಿ ಕರಸಿದ್ರು. ಅವ್ರು ಮರಾಠ್ಯಾಗ ಮಾತಾಡಾಕ ನಿಂತ್ರು. ಹೆಡ್ ಮಾಸ್ತರು ನನ್ನ ಕಿವ್ಯಾಗ, "ಅಕ್ಕೋರ, ಮುಗದಮ್ಯಾಲೆ ಥೋಡಕ್ಯಾತ, ನಾಕ ಮಾತಿನ್ಯಾಗ, ಕನ್ನಡದಾಗ ಹೇಳಿಬಿಡ್ರಿ, ಊಟಾ ಆರತೈತಿ," ಅಂದ್ರು. ಅಪ್ಪಾನೂ ಬಂದು ಮುಂದಿನ ಸಾಲಿನ್ಯಾಗ ಕುಂತಿದ್ದಾ. ಭಾಷಣ ಅಂದ್ರ ಅಂವ ಎಲ್ಲಿದ್ರೂ ಬರ್ತಾನ.

ಪಾವಣ್ಯಾರು ಭಾಳ ಹೊತ್ತ ಮಾತಾಡಿದ್ರು. ನಡುವ ಒಂದ ಎತ್ತಿನ ಜೋಕ್ ಹೇಳಿದ್ರು, ಮಂದಿ ಹೊಟ್ಟಿ ಹಿಡಕೊಂಡ ನಕ್ಕಿತು. ಅವ್ರು ಕುಂತಮ್ಯಾಲೆ ನಾ ಮೈಕ್ ಹಿಡದೆ. "ಸಾಹೇಬ್ರು ಹೇಳಿದ್ದರ ಗೋಷ್ವಾರೆ ಇಷ್ಟು: ಮೊಬೈಲ್ ಬಿಡ್ರಿ, ಪುಸ್ತಕ ಹಿಡೀರಿ." ಸಾಲಿ ಮಕ್ಕಳು ಚಪ್ಪಾಳಿ ಹೊಡದಾವ. ಅವಕ್ಕ ಹಸಿವಿ ಆಗಿತ್ತು.

ಹಿಂದಿನ ಸಾಲಿನ್ಯಾಗ ಒಬ್ಬ ರೈತ ಎದ್ದ ನಿಂತಾ. "ಅಕ್ಕೋರ, ಎತ್ತಿನ ಜೋಕ್ ಬಿಟ್ರಿ."

"ಅದಕ್ಕ ನೀವು ಆಗಳೇ ನಕ್ಕೀರಲ್ರಿ," ಅಂದೆ.

"ಮರಾಠ್ಯಾಗ ನಕ್ಕೀವ್ರಿ. ಕನ್ನಡದಾಗ ನಗೂದು ಉಳದೈತಿ."

ಹೌದ್ ಹೌದ್ ಅಂತ ಸಭಾ ಗದ್ದಲ ಮಾಡಿತು. ನಮ್ಮ ಕಡೆ ಎಲ್ಲಾರಿಗೂ ಎರಡೂ ಭಾಷಾ ಬರ್ತಾವ. ನಾ ಎಷ್ಟ ಕತ್ತರಿಸೀನಿ ಅನ್ನೂದು ಒಬ್ಬೊಬ್ರಿಗೂ ಗೊತ್ತಿತ್ತು. ಎತ್ತ ಬಿಟ್ಟದ್ದಾತು, ಶಿಸ್ತಿನ ಮಾತ ಬಿಟ್ಟದ್ದಾತು, ಅವ್ರ ಸಾಲಿ ಮಾಸ್ತರ ನೆನಪ ಬಿಟ್ಟದ್ದಾತು ಅಂತ ಲೆಕ್ಕಾ ಹೇಳಾಕ ಹತ್ತಿದ್ರು. ಆಗ ಪಾವಣ್ಯಾರು ಎದ್ದ ಬಂದು ನನ್ನ ಕೈಯಾಗಿನ ಮೈಕ್ ತಗೊಂಡು ಅಚ್ಚ ಕನ್ನಡದಾಗ, "ನಮ್ಮ ಅವ್ವ ಅಥಣಿ ಕಡ್ಯಾಕಿ. ಅಕ್ಕೋರು ಗೋಷ್ವಾರೆ ಹೇಳಿದ್ರು, ಈಗ ನಾ ಪೂರ್ತಿ ಹೇಳ್ತೇನಿ," ಅಂದ್ರು. ಮೊದ್ಲಿಂದ ಸುರು ಮಾಡಿದ್ರು.

ಮಸಾಲಿ ಭಾತ ಆರಿ ಗಟ್ಟಿ ಆತು. ಹೆಡ್ ಮಾಸ್ತರು ನನ್ನ ನೋಡಿದ ನೋಟಾ ಇನ್ನೂ ನೆನಪೈತಿ. ಅಪ್ಪ ಮಾತ್ರ ಊಟದ ಪಂಕ್ತ್ಯಾಗ ಭಾಳ ಖುಷಿಲೆ ಇದ್ದಾ. "ಎರಡನೇ ಸಲ ಚಲೋ ಹೇಳಿದ್ರವ್ವಾ. ಎತ್ತಿನ ಬಣ್ಣಾನೂ ಹೇಳಿದ್ರು."

೬. ಝುಮಕಿ

ಈಗ ತಮ್ಮನ ಮಾತಿಗೆ ಬರ್ತೇನಿ.

ನನ್ನ ಕೂಡ ಕಲಸೂ ಅಕ್ಕೋರೊಬ್ರು ಅಥಣಿ ತಾಲೂಕಿನ ತೆಲಸಂಗದಾವ್ರು. ಅವ್ರ ಸಂಬಂಧದಾಗ ಒಂದ ಹುಡಗಿ ಇತ್ತು. ಅವ್ರ ಮನಿ ಲಗ್ನಕ್ಕ ನಾ ತಮ್ಮನ್ನ ಕರಕೊಂಡ ಹೋಗಿದ್ದೆ, ಅಲ್ಲಿ ಅಂವ ಆಕೀನ ನೋಡಿದ್ದಾ. ಬರುವಾಗ ಗಾಡ್ಯಾಗ ತಾನಾಗಿ ಬಾಯಿ ಬಿಟ್ಟು, "ಅಕ್ಕಾ, ಆ ಹಸಿರ ಸೀರಿ ಹುಡಗಿ ಯಾರು?" ಅಂತ ಕೇಳಿದಾ. ಹೆಣ್ಣಿನ ಸುದ್ದಿ ಅಂವ ಎಂದೂ ಎತ್ತಿದಾಂವ ಅಲ್ಲ. ನನಗ ತಿಳೀತು.

ಆ ರವಿವಾರ ಅವ್ರು ಮನಿ ನೋಡಾಕ ಬರಾವ್ರಿದ್ರು. ನಾ ಎರಡ ದಿನ ಮೊದ್ಲ ಹೋಗಿ ಅಪ್ಪನ ಮುಂದ ಕುಂತೆ. "ಅಪ್ಪಾ, ಈ ಸಲ ನಾಕ ಮಾತ. ಬಾವಿ ಬ್ಯಾಡ."

"ಜನ್ಮ ಎಲ್ಲಾ ಗೋಷ್ವಾರೆ ಬರದೇನವ್ವಾ. ನನ್ನ ಮನ್ಯಾಗರೆ ಪೂರ್ತಿ ಮಾತಾಡಾಕ ಬಿಡ್ರಿ," ಅಂತ ಅಪ್ಪ ಮಾರಿ ತಿರುವಿದಾ. ತಮ್ಮ ಬಾಗಿಲದಾಗ ನಿಂತು ಕೇಳಾಕತ್ತಿದ್ದಾ. ಹೊಳ್ಳಿ ತೋಟದ ಕಡೆ ನಡದಾ. ಅಪ್ಪ ಅಂವ ಹೋಗೂದನ್ನ ಕಣ್ಣ ಮರಿ ಆಗೂತನಕ ನೋಡಿದಾ. ಆಮ್ಯಾಲೆ ಟೊಪಗಿ ಎತ್ತಿ ತಲಿಗೆ ಹಾಕ್ಕೊಂಡು, "ಹೇಳು. ಎಷ್ಟ ಮಾತಾಡ್ಲಿ?" ಅಂದಾ. ಅಪ್ಪ ಅಂಥಾ ದನೀಲೆ ಮಾತಾಡಿದ್ದು ನಾ ಕೇಳಿದ್ದಿಲ್ಲ.

ಇಬ್ರೂ ಕೂಡಿ ಒಂದ ಖೂನಾ, ಅಂದ್ರ ಸನ್ನೆ, ಮಾಡಿಕೊಂಡ್ವಿ. ನಾ ನನ್ನ ಝುಮಕಿ ಮುಟ್ಟಿದ್ರ ಅಪ್ಪ ಬಾಯಿ ಮುಚ್ಚಬೇಕು. "ಗೋಷ್ವಾರೆಕ್ಕ ಝುಮಕಿನ ಬರೋಬರಿ," ಅಂತ ಅಪ್ಪನ ನಕ್ಕಾ.

ರವಿವಾರ ಮುಂಜಾನೆ ಗಾಡಿ ಬಂತು. ಅದ ಹಸಿರ ಸೀರಿ ಉಟ್ಟ ಹುಡಗಿ, ಆಕಿ ಅಪ್ಪ, ಅವ್ವ, ಸೋದರಮಾವ, ಮತ್ತ ಕೋಲ ಹಿಡಕೊಂಡ ಆಕಿ ಆಯಿ, ಅಂದ್ರ ಅಜ್ಜಿ. ಅಪ್ಪ ಎದುರಿಗೆ ಹೋಗಿ ಕರಕೊಂಡ ಬಂದು ಕುಂದ್ರಿಸಿದಾ. ನಾ ಅಂಜಿಕೀಲೆ ಮೊದ್ಲಿಂದನ ಝುಮಕಿ ಹಿಡಕೊಂಡ ನಿಂತಿದ್ದೆ.

"ತೋಟ ಐತಿ. ನೀರೈತಿ. ಮಗಾ ಅದಾನ. ಚಹಾ ತಗೋರಿ," ಅಂದಾ ಅಪ್ಪ.

ಮುಗೀತು. ಬಂದಾವ್ರು ಇನ್ನೂ ಏನರೆ ಬರ್ತೈತಿ ಅಂತ ಕಾದ್ರು. ಏನೂ ಬರಲಿಲ್ಲ.

ಸೋದರಮಾವ ಕೆಮ್ಮಿ, "ತೋಟ ಎಷ್ಟರೀ?" ಅಂದ್ರು.

"ಸಾಕಷ್ಟ."

"ಯಾವಾಗ ಹಚ್ಚಿದ್ರಿ?"

"ಮೊದ್ಲ."

ಹುಡಗಿ ಅಪ್ಪ, ಸೋದರಮಾವ ಮಾರಿ ಮಾರಿ ನೋಡಿಕೊಂಡ್ರು. ನಮ್ಮ ಕಡೆ ಬೀಗತನಕ್ಕ ಬಂದವ್ರ ಮುಂದ ತನ್ನ ಮನಿ ಸುದ್ದಿ ತಾನ ಹೇಳದಾಂವ ಅಂದ್ರ ಏನೋ ಮುಚ್ಚಿಡಾಕ ಹತ್ಯಾನ ಅಂತನ ಅರ್ಥ. ಇದು ನನಗ ಹೊಳೀಬೇಕಾಗಿತ್ತು. ಹೊಳೀಲಿಲ್ಲ. ನಾ ಮನಸಿನ್ಯಾಗ ಅಪ್ಪಗ ಪೂರ್ತಿ ಮಾರ್ಕ್ಸ್ ಕೊಡಾಕ ಹತ್ತಿದ್ದೆ.

ಸೋದರಮಾವ ಎಲಿಅಡಿಕಿ ಉಗುಳಾಕ ಅಂತ ಹೊರಗ ಹೋದ್ರು. ಸೀದಾ ಬಾಜೂ ಮನಿ ಕಾಕೂ ಮುಂದ ನಿಂತು, "ಈ ಮನಿ ಹಿರ್ಯಾರು ಹೆಂಗ್ರಿ?" ಅಂತ ಕೇಳಿದ್ರಂತ.

"ಭಾಳ ಚಲೋ ಮನಷ್ಯಾರು. ಮಾತಿಗೆ ಕುಂತ್ರ ಮಾತ್ರ ಏಳಾಕ ಬಿಡೂದಿಲ್ಲ," ಅಂದ್ಳಂತ ಕಾಕೂ.

"ಒಂದ ಮಾತೂ ಆಡವಲ್ರಲ್ರಿ."

ಕಾಕೂ ರೊಟ್ಟಿ ಬಡಿಯೂದು ಅಲ್ಲೇ ಬಿಟ್ಟು ಹಿಟ್ಟಿನ ಕೈಲೆ ಓಡಿ ಬಂದ್ಳು. "ಅಣ್ಣಾರ ಬಾಯಿ ಬಿದ್ದೈತಂತಲ್ಲ. ಕೈ ಏಳತಾವೇನ ನೋಡ್ರಿ." ಆಕಿ ಹಿಂದ ಓಣಿ ಮಂದಿ ಬಂದಿತು. ಒಬ್ಬಾಂವ ಡಾಕ್ಟರ್‌ನ್ನ ತರಾಕ ಗಾಡಿಗೆ ಕಿಕ್ ಹೊಡದಾ. ಮತ್ತೊಬ್ಬಾಕಿ ಅಪ್ಪನ ಅಂಗಾಲ ತಿಕ್ಕಾಕ ಕುಂತ್ಳು. ಅಪ್ಪ ನಟ್ಟಗ ಕುಂತು, ತುಟಿ ಬಿಗದು, ಯಾರ ಕಡೆನೂ ನೋಡದ ನನ್ನ ಕಿವಿನ ನೋಡಾಕ ಹತ್ತಿದ್ದಾ. ನನಗ ಗಾಬರಿ ಆತು. ಗಾಬರಿ ಆದ್ರ ನಾ ಕೈಗೆ ಸಿಕ್ಕದ್ದನ್ನ ಗಟ್ಟಿ ಹಿಡಕೊಳ್ಳಾಕಿ. ಕೈಯಾಗ ಝುಮಕಿ ಇತ್ತು.

ಹುಡಗಿ ಅಪ್ಪ ಎದ್ದ ನಿಂತ್ರು. "ಯಜಮಾನ್ರಿಗೆ ಆರಾಮಿಲ್ಲ ಕಾಣಸ್ತೈತಿ. ಬರ್ತೇವ್ರಿ. ತಿಳಸ್ತೇವಿ."

ನಮ್ಮ ಕಡೆ ತಿಳಸ್ತೇವಿ ಅಂದ್ರ ಮುಗೀತು, ಮತ್ತ ಯಾರೂ ತಿಳಸೂದ ಇಲ್ಲ. ತಮ್ಮ ಎರಡನೇ ಸಲದ ಚಹಾ ತಾಟ ಹಿಡಕೊಂಡು ಬಾಗಿಲದಾಗ ಬಂದಾಂವ ಅಲ್ಲೇ ನಿಂತಾ. ಅಂವನ ಮಾರಿ ನೋಡಾಕ ನನಗ ಆಗಲಿಲ್ಲ. ನನ್ನ ಕೈಯಾರೆ ನಾನ ಕೆಡಿಸಿದ್ನಲ್ಲಾ ಅಂತ ಅಳೂನ ಬಂತು.

ಅಷ್ಟೊತ್ತು ಕಿಡಕ್ಯಾಗಿಂದ ಹೊರಗ ನೋಡ್ಕೋತ ಕುಂತಿದ್ದ ಹುಡಗಿ ನಮ್ಮ ಅಪ್ಪನ ಕಡೆ ತಿರುಗಿದ್ಲು. "ಮಾಮಾರ, ಆ ಬಾವ್ಯಾಗ ಬ್ಯಾಸಿಗ್ಯಾಗೂ ನೀರ ಇರ್ತಾವೇನ್ರಿ?"

ಅಪ್ಪನ ಬಾಯಿ ತೆರೀತು. ಕಣ್ಣ ನನ್ನ ಕಿವಿಗೆ ಬಂತು. ಬಾಯಿ ಮುಚ್ಚಿತು. ಅಂವನ ಕಣ್ಣಾಗ ನೀರ ಬಂದಿದ್ವು.

ಮಾತ ನಿಂದರಸಾಕ ಖೂನಾ ಮಾಡಿದ್ವಿ, ಸುರು ಮಾಡಾಕ ಖೂನಾನ ಇದ್ದಿಲ್ಲ. ಏನ ಮಾಡ್ಲಿ? ಅಷ್ಟ ಮಂದ್ಯಾಗ ಆ ಝುಮಕಿ ಬಿಚ್ಚಿದೆ, ಈ ಝುಮಕಿನೂ ಬಿಚ್ಚಿದೆ, ಎರಡೂ ಪರ್ಸಿನ್ಯಾಗ ಹಾಕಿ ಝಿಪ್ ಎಳದೆ.

ಅಪ್ಪ ಟೊಪಗಿ ತಗದು ತೊಡಿ ಮ್ಯಾಲೆ ಇಟ್ಟಾ. "ಕುಂದ್ರವ್ವಾ ಮಗಳ. ಕುಂದ್ರಿ ಎಲ್ಲಾರೂ. ನಮ್ಮ ಮುತ್ಯಾ ಆವತ್ತ ಮುಂಜಾನೆ ಎದ್ದಾಂವ ಮೊದ್ಲ ಏನ ಮಾಡಿದಾ ಅಂದ್ರ..."

"ಆರಾಮ ಅದಾರ," ಅಂತ ಕಾಕೂ ಕೈ ಝಾಡಿಸಿಕೊಂಡು ರೊಟ್ಟಿಗೆ ಹೋದ್ಳು. ಓಣಿ ಮಂದಿ ಅದಕ್ಕಿಂತ ಮೊದ್ಲ ಹೋಗಿತ್ತು.

ಬಂದಾವ್ರು ಕುಂತ್ರು. ಇವ್ರು ಹೊಳಿ ದಂಡ್ಯಾವ್ರಲ್ಲ, ಬ್ಯಾಸಿಗ್ಯಾಗ ಟ್ಯಾಂಕರ್ ದಾರಿ ಕಾಯೂ ಮಂದಿ. ಗುದ್ಲಿ ಬಿದ್ದಲ್ಲೆಲ್ಲಾ ಇವ್ರ ತಲಿ ಆಡತಿತ್ತು. ಆಯಿ ಅಂತೂ ಕೋಲ ಬಾಜೂಕಿಟ್ಟು ಮುಂದ ಸರದು ಕುಂತ್ಳು. "ತಡೀರಿ, ಕಲ್ಲ ಮೊದ್ಲ ಮೂಡಲ ಮೂಲ್ಯಾಗ ಹತ್ತಿತೋ ಪಡುವಲ ಮೂಲ್ಯಾಗೋ? ಇನ್ನೊಮ್ಮೆ ಹೇಳ್ರಿ." ನಮ್ಮ ಅಪ್ಪಗ ಇನ್ನೊಮ್ಮೆ ಹೇಳ್ರಿ ಅಂದಾವ್ರು ಅಲ್ಲಿತನಕ ಯಾರೂ ಇದ್ದಿಲ್ಲ. ಅಪ್ಪ ಸೋತ ಹೋದಾ. ಮತ್ತ ಮೊದ್ಲಿಂದ ಸುರು ಮಾಡಿದಾ.

ಆ ಸಂಧಿನ್ಯಾಗ ಹುಡಗಿ ಅವ್ವ, "ಇವ್ರಿಬ್ರೂ ತೋಟ ನೋಡಿ ಬರ್ಲಿ," ಅಂದ್ರು. ತಮ್ಮ ಮುಂದ, ಆಕಿ ಹಿಂದ ಹೋದ್ರು. ಭಾಳ ಹೊತ್ತಾದ್ರೂ ಬರಲಿಲ್ಲ. ನಾ ಅಡಗಿ ಮನ್ಯಾಗಿಂದ ಹತ್ತ ಸಲ ಹಣಿಕಿ ಹಾಕಿದೆ. ದ್ರಾಕ್ಷಿ ಚಪ್ಪರದ ಕೆಳಗ ಒಮ್ಮೆ ಹಸಿರ ಸೀರಿ ಕಂಡಿತು, ಒಮ್ಮೆ ಕಾಣಲಿಲ್ಲ. ಅಪ್ಪನ ಬಾವ್ಯಾಗ ಇನ್ನೂ ನೀರ ಬಿದ್ದಿದ್ದಿಲ್ಲ.

ಹೊಳ್ಳಿ ಬಂದ್ರು. ಆಕಿ ತಲಿ ತಗ್ಗಿಸಿ ಒಳಗ ಹೋದ್ಳು. ನಾ ತಮ್ಮನ್ನ ಒಣದ್ರಾಕ್ಷಿ ಶೆಡ್ಡಿನ ಬಾಜೂಕ ಹಿಡದ ನಿಲ್ಲಿಸಿದೆ. "ಅಷ್ಟೊತ್ತು ಏನ ಮಾತಾಡಿದ್ರೋ? ಆಕಿ ಏನಂದ್ಳು?"

ಅಂವನ ಕಿವಿ ಕೆಂಪಾಗಿದ್ವು. "ಹೂಂ ಅಂದ್ಳು," ಅಂದಾ.

ಎಷ್ಟೋ ವರ್ಷದಿಂದ ಸಾರಾಂಶ ಕಲಸಾಕತ್ತೇನಿ. ಸಾವಿರಾರ ಪೇಪರ್ ತಿದ್ದೇನಿ. ಒಂದ ಅಕ್ಷರಾನೂ ಹೆಚ್ಚಿಲ್ಲದ, ಒಂದ ಅಕ್ಷರಾನೂ ಕಡಿಮಿ ಬೀಳದ ಗೋಷ್ವಾರೆ ಜನ್ಮದಾಗ ಅದೊಂದ ನೋಡಿದ್ದು. ನಾ ಅಲ್ಲೇ ಶೆಡ್ಡಿಗೆ ಆತುಕೊಂಡ ನಿಂತು ಅತ್ತಬಿಟ್ಟೆ. ಕಣ್ಣ ಒರಸಿಕೊಂಡು ಅಂವನ ಕೈ ಹಿಡದು ನಡಮನಿಗೆ ಎಳಕೊಂಡ ಬಂದೆ.

"ಅಪ್ಪಾ, ಹುಡಗಿ ಹೂಂ ಅಂದಾಳಂತ."

ಅಪ್ಪ ಮಾತ ನಿಂದರಿಸಿದಾ. ಝುಮಕಿ ಇಲ್ಲದ ತಾನಾಗಿ ಅಪ್ಪ ಮಾತ ನಿಂದರಿಸಿದ್ದು ಅದ ಮೊದ್ಲು. ಬೀಗರು ನಕ್ಕೋತ ಒಬ್ರ ಮಾರಿ ಒಬ್ರು ನೋಡಿದ್ರು. ಅಪ್ಪ ಮಗನ್ನ ಮ್ಯಾಲಿಂದ ಕೆಳಗ ನೋಡಿ, ಆಯಿ ಬಾಜೂಕ ಸ್ವಲ್ಪ ಸರದು ಅಂವಗ ಜಾಗಾ ಮಾಡಿದಾ.

"ಅಷ್ಟ ಹೇಳಿದ್ರ ನಮಗ ಹೆಂಗ ತಿಳೀಬೇಕೋ ತಮ್ಮಾ? ಕುಂದ್ರಿಲ್ಲಿ. ಚಪ್ಪರದಾಗ ಹೊಕ್ಕಲ್ಲಿಂದ ಹೇಳು."